ಸಗಣಿ ಅನಿಲಕ್ಕೊಂದು ಚೀಟಿ

ಕೇಳುಗರಿಗೆ ನಮಸ್ಕಾರ.

ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಇರುವವರ ಲೆಕ್ಕ ಸಲೀಸು: ಸಗಣಿಯೂ ನಮ್ಮದೇ, ಒಲೆಯ ನೀಲಿ ಉರಿಯೂ ನಮ್ಮದೇ. ಡೆನ್ಮಾರ್ಕಿನಲ್ಲಿ ಹಾಗಲ್ಲ. ಹಂದಿ, ದನಗಳ ಸಗಣಿ-ಗಂಜಲವನ್ನು ಟ್ಯಾಂಕರಿನಲ್ಲಿ ದೊಡ್ಡ ಸ್ಥಾವರಕ್ಕೆ ಒಯ್ದು ಕೊಳೆಸುತ್ತಾರೆ. ಬಂದ ಅನಿಲದಿಂದ ಕಾರ್ಬನ್ ಡೈಆಕ್ಸೈಡ್ ತೆಗೆದುಹಾಕಿ, ಉಳಿದದ್ದನ್ನು ನೆಲದಡಿಯ ಕೊಳವೆಗೆ ಬಿಡುತ್ತಾರೆ. ಅದೇ ಕೊಳವೆಯಲ್ಲಿ ಉತ್ತರ ಸಮುದ್ರದ ತಳದಿಂದ ತೆಗೆದ ಅನಿಲವೂ ಹರಿಯುತ್ತದೆ. ಎರಡೂ ಮೀಥೇನೇ. ಬೆರೆತ ಮೇಲೆ ಯಾವುದು ಸಗಣಿಯದು, ಯಾವುದು ಸಮುದ್ರದ್ದು ಅಂತ ಬ್ರಹ್ಮನೂ ಹೇಳಲಾರ.

ಅದಕ್ಕೇ ಚೀಟಿ. ಕೊಳವೆಗೆ ಬಿಟ್ಟ ಪ್ರತಿ ಮೆಗಾವ್ಯಾಟ್-ಗಂಟೆಗೆ, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಸಾವಿರ ಯೂನಿಟ್ಟಿಗೆ, ಎನರ್ಜಿನೆಟ್ ಎಂಬ ಅಲ್ಲಿನ ಸರ್ಕಾರಿ ಕಂಪನಿ ಒಂದು ಪ್ರಮಾಣಪತ್ರ ಕೊಡುತ್ತದೆ. ಚೀಟಿ ಅಂದೆ, ಆದರೆ ಕಾಗದವಲ್ಲ. ಕಂಪ್ಯೂಟರಿನಲ್ಲಿ ಒಂದು ನಮೂದು. ಹಳೆಯ ಕಾಲದ ಹುಂಡಿ ನೆನಪಿಸಿಕೊಳ್ಳಿ. ಇಲ್ಲಿ ಕಟ್ಟಿದ ನಾಣ್ಯವೇ ಅಲ್ಲಿ ಕೈಗೆ ಬರುತ್ತಿರಲಿಲ್ಲ, ಮೊತ್ತ ಬರುತ್ತಿತ್ತು. ಹಣ ಸಂದಾಯವಾದ ಹುಂಡಿಯನ್ನು ಇನ್ನೊಮ್ಮೆ ತೋರಿಸುವಂತಿರಲಿಲ್ಲ. ಇಲ್ಲೂ ಅಷ್ಟೇ, ಚೀಟಿ ಕೊಂಡವರ ಲೆಕ್ಕಕ್ಕೆ ಅಷ್ಟು ಸಗಣಿ ಅನಿಲ; ಬಳಸಿದ ಚೀಟಿ ರದ್ದು.

ಒಂದು ದೇಶದೊಳಗೆ ಇದು ಸರಾಗ. ಗಡಿ ದಾಟಿದಾಗ ಅಲ್ಲಿ ಕಳೆದದ್ದನ್ನೇ ಇಲ್ಲಿ ಕೂಡಬೇಕು, ಒಂದೇ ಒಂದು ಸಾರಿ. ದೇಶದೇಶಗಳ ಖಾತೆಗಳನ್ನು ಹೀಗೆ ಜೋಡಿಸಲೆಂದೇ 2016ರಲ್ಲಿ ಎರ್ಗಾರ್ ಎಂಬ ಒಕ್ಕೂಟ ಹುಟ್ಟಿತು. ವಿದ್ಯುತ್ತಿಗಿದ್ದ ಮೂಲಪತ್ರದ, ಅಂದರೆ ಅದು ಯಾವ ಮೂಲದಿಂದ ಬಂತೆಂದು ಹೇಳುವ ಇಂಥದೇ ಚೀಟಿಯ, ಪದ್ಧತಿಯನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿ ಅನಿಲಕ್ಕೂ ತಂದಿತು.

ಚೀಟಿಯ ಎಣಿಕೆಯೇನೋ ಸರಿಹೋಯಿತು, ದುಡ್ಡಿನದು? ಡೆನ್ಮಾರ್ಕ್ ಸರ್ಕಾರ ಅನಿಲ ತಯಾರಿಸುವವರಿಗೆ ಸಹಾಯಧನ ಕೊಡುತ್ತದೆ. ಅದೇ ಅನಿಲವನ್ನು ಕೊಂಡ ಸ್ವೀಡನ್ನಿನವರಿಗೆ ಅಲ್ಲಿ ತೆರಿಗೆ ವಿನಾಯಿತಿ. ಒಂದೇ ಸಗಣಿಗೆ ಎರಡು ಕಡೆ ಬೆಣ್ಣೆ! ಜರ್ಮನಿಯ ವ್ಯಾಪಾರಿ ಕಂಪನಿಯೊಂದು, ಇದರೆದುರು ನಾವು ಪೈಪೋಟಿ ಮಾಡುವುದಾದರೂ ಹೇಗೆ ಎಂದು ನ್ಯಾಯಾಲಯದ ಬಾಗಿಲು ತಟ್ಟಿತು. ನನಗೇನೋ ಆ ತಕರಾರು ನ್ಯಾಯವಾದದ್ದೇ ಅನ್ನಿಸುತ್ತದೆ. ಸ್ವೀಡನ್ನಿನ ವಿನಾಯಿತಿಗೆ, ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗ ಕೊಟ್ಟಿದ್ದ ಒಪ್ಪಿಗೆಯನ್ನು ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ 2022ರ ಡಿಸೆಂಬರಿನಲ್ಲಿ ರದ್ದುಮಾಡಿತು. ಮುಂದಿನ ಮಾರ್ಚಿನಲ್ಲಿ ವಿನಾಯಿತಿ ನಿಂತಿತು. ಸ್ವೀಡನ್ನಿನ ಊರೂರುಗಳಲ್ಲಿ ಸಿಟಿ ಬಸ್ಸು ಓಡುವುದು ಇದೇ ಅನಿಲದ ಮೇಲೆ. ಬಸ್ಸಿನವರು ತಲೆ ಮೇಲೆ ಕೈ ಹೊತ್ತು ಕೂತರು. ಆಯೋಗ ಹೊಸದಾಗಿ ತನಿಖೆಗೆ ಇಳಿಯಬೇಕಾಯಿತು.

ಇಷ್ಟೆಲ್ಲ ನಡೆಯುವಾಗಲೂ ಕೋಪನ್‌ಹೇಗನ್ ಪಕ್ಕದ ಡ್ರಾಗೊರ್ ಬಳಿ, ಸಮುದ್ರದಡಿಯ ಕೊಳವೆಯಲ್ಲಿ, ಅನಿಲ ತನ್ನ ಪಾಡಿಗೆ ಸ್ವೀಡನ್ನಿಗೆ ಹರಿಯುತ್ತಲೇ ಇತ್ತು.

ನಮಸ್ಕಾರ.