ಫ್ಯಾನ್ ಇಲ್ಲದ ಪೆಟ್ಟಿಗೆಗೆ ಬಿಸಿ ಪ್ರೊಸೆಸರ್

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ: ಆಪಲ್ 2000ದ ಜುಲೈನಲ್ಲಿ ತೋರಿಸಿದ ಪವರ್ ಮ್ಯಾಕ್ ಜಿ4 ಕ್ಯೂಬ್. ಸುಮಾರು ಎಂಟು ಇಂಚಿನ ಚೌಕ ಪೆಟ್ಟಿಗೆ, ಸುತ್ತ ಗಾಜಿನಂಥ ಅಕ್ರಿಲಿಕ್. ನೋಡೋಕೆ ಚೆಂದ, ಆದರೆ ಮಾರಾಟ ಆಗಲಿಲ್ಲ. ಒಂದು ವರ್ಷಕ್ಕೇ ತಯಾರಿಕೆ ನಿಲ್ಲಿಸಿದರು. ಹಳೆ ಯಂತ್ರಗಳ ಹುಚ್ಚಿರುವವರು ಈಗಲೂ ಇದನ್ನು ಹುಡುಕಿ ಕೊಳ್ಳುತ್ತಾರೆ. ಕೊಂಡ ಮೇಲೆ ಸುಮ್ನೆ ಇರುತ್ತಾರಾ? 450 ಮೆಗಾಹರ್ಟ್ಸ್ ಪ್ರೊಸೆಸರ್ ತೆಗೆದು ಒಂದು ಗಿಗಾಹರ್ಟ್ಸ್ ದಾಟಿದ್ದನ್ನು ಹಾಕಬೇಕು ಅನಿಸುತ್ತದೆ.

ತೊಡಕು ಏನೆಂದರೆ ಇದರಲ್ಲಿ ಫ್ಯಾನ್ ಇಲ್ಲ. ಸ್ಟೀವ್ ಜಾಬ್ಸ್‌ಗೆ ಫ್ಯಾನ್ ಸದ್ದು ಆಗಿಬರುತ್ತಿರಲಿಲ್ಲ. 1984ರ ಮೊದಲ ಮ್ಯಾಕಿಂಟಾಷ್‌ನಲ್ಲೂ ಫ್ಯಾನ್ ಇರಲಿಲ್ಲ. ಕ್ಯೂಬ್‌ನ ನಡುವೆ ದೊಡ್ಡ ಹೀಟ್ ಸಿಂಕ್, ಅಂದರೆ ಚಿಪ್‌ನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತುಂಡು, ಇದೆ. ತಳದಿಂದ ಗಾಳಿ ಒಳಗೆ ಬಂದು, ಬಿಸಿಯಾಗಿ, ಮೇಲಿನ ಜಾಲರಿಯಿಂದ ಹೊರಗೆ ಹೋಗುತ್ತದೆ. ಒಲೆಯ ಹೊಗೆ ಬೆಳಕಿಂಡಿ ಹುಡುಕಿಕೊಂಡು ಹೋಗುವ ಹಾಗೆ. ಆ ಜಾಲರಿ ಮೇಲೆ ಪುಸ್ತಕವೋ ಕಾಗದವೋ ಇಟ್ಟರೆ ಕೆಲಸ ಕೆಟ್ಟಿತು.

ಹೊಸ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ? ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ವೇಗದಿಂದ ಗುಣಿಸಿದರೆ ಒಂದು ಅಂದಾಜು ಸಿಗುತ್ತದೆ. 450ರಿಂದ 1200ಕ್ಕೆ ಹೋದರೆ ವೇಗ ಸುಮಾರು 2.7 ಪಟ್ಟು. ವೋಲ್ಟೇಜ್ ಹಾಗೇ ಇದ್ದರೆ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಆದರೆ 1.8 ವೋಲ್ಟ್ ಬದಲು 1.3ರಲ್ಲಿ ಓಡುವ ಚಿಪ್ ಆದರೆ ಒಟ್ಟು ಏರಿಕೆ 1.4 ಪಟ್ಟು ಮಾತ್ರ! ಒಂದೇ ವೇಗ, ಬಿಸಿ ಅರ್ಧ. ಇದು ಒರಟು ಲೆಕ್ಕ, ಚಿಪ್‌ನ ಒಳರಚನೆಯೂ ಬದಲಾಗುತ್ತದಲ್ವಾ. ಆದರೂ ಫ್ಯಾನ್ ಹುಡುಕುವ ಮೊದಲು ವೋಲ್ಟೇಜ್ ನೋಡಿ ಅನ್ನುತ್ತೇನೆ. ಕ್ಯೂಬ್‌ನಲ್ಲಿರುವ ಜಿ4 ಪ್ರೊಸೆಸರ್ ಬಳಗದಲ್ಲಿ 7447ಎ, 7448 ಥರದ ಕೊನೆಕೊನೆಯ ಚಿಪ್‌ಗಳು ಇಕ್ಕಟ್ಟಾದ ಪೆಟ್ಟಿಗೆಗೆ ಒಗ್ಗುವುದು ಇದೇ ಕಾರಣಕ್ಕೆ.

ಇನ್ನು ಫ್ಯಾನ್. ತಮಾಷೆ ಅಂದರೆ, ಕ್ಯೂಬ್‌ನ ತಳದಲ್ಲಿ 80 ಮಿಲಿಮೀಟರ್ ಫ್ಯಾನ್ ಕೂರಿಸಲು ಆಪಲ್‌ನವರೇ ಜಾಗ ಬಿಟ್ಟಿದ್ದಾರೆ! ಅದು ಗಾಳಿಯನ್ನು ಮೇಲಕ್ಕೇ ತಳ್ಳಬೇಕು. ತಿರುಗಿಸಿ ಹಾಕಿದರೆ ಬಿಸಿಗಾಳಿಯ ದಾರಿಗೇ ಅಡ್ಡ ನಿಂತಂತೆ. 12 ವೋಲ್ಟಿನ ಫ್ಯಾನನ್ನು 7 ವೋಲ್ಟ್‌ನಲ್ಲಿ ನಿಧಾನಕ್ಕೆ ತಿರುಗಿಸಿದರೂ ಒಳ್ಳೆ ವ್ಯತ್ಯಾಸ ಕಾಣುತ್ತದೆ, ಸದ್ದೂ ಕಡಿಮೆ. ಕೆಲವು ಫ್ಯಾನ್‌ಗಳು ಅಷ್ಟರಲ್ಲಿ ಶುರುವೇ ಆಗುವುದಿಲ್ಲ, ಮೊದಲೇ ಹೊರಗಿಟ್ಟು ನೋಡಿಕೊಳ್ಳಿ.

ಹೀಟ್ ಸಿಂಕ್ ಕೂರಿಸುವಾಗ ಅವಸರ ಬೇಡ. ಈ ಚಿಪ್‌ಗಳಿಗೆ ಲೋಹದ ಮುಚ್ಚಳ ಇಲ್ಲ, ಬರಿ ಸಿಲಿಕಾನ್ ಮೇಲೆಯೇ ಸಿಂಕ್ ಕೂರುತ್ತದೆ. ಒಂದು ಸ್ಕ್ರೂ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಚಿಪ್‌ನ ಮೂಲೆ ಒಡೆಯಬಹುದು. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ. ಚಿಪ್‌ಗೂ ಸಿಂಕ್‌ಗೂ ನಡುವೆ ಬಳಿಯುವ ಥರ್ಮಲ್ ಪೇಸ್ಟ್ ತೆಳ್ಳಗಿರಲಿ. ಜಾಸ್ತಿ ಬಳಿದರೆ ಅದೇ ಬಿಸಿಗೆ ಅಡ್ಡಗೋಡೆ.

ಅದೇ ಗಾಳಿಯ ದಾರಿಯನ್ನು ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಒಳಗಿನ ವೋಲ್ಟೇಜ್ ಬೋರ್ಡ್ ಎಲ್ಲವೂ ಹಂಚಿಕೊಳ್ಳುತ್ತವೆ. ಹೊಸ ಪ್ರೊಸೆಸರ್ ಜಾಸ್ತಿ ವಿದ್ಯುತ್ ಎಳೆದರೆ ಆ ಬೋರ್ಡೂ ಕಾಯುತ್ತದೆ. ತಿರುಗುವ ಡಿಸ್ಕ್ ತೆಗೆದು ಅಡಾಪ್ಟರ್ ಹಾಕಿ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ ಡ್ರೈವ್) ಕೂರಿಸಿದರೆ ಒಂದು ಬಿಸಿಯ ಮೂಲವೂ ತಗ್ಗುತ್ತದೆ, ಒಂದು ಸದ್ದೂ ಹೋಗುತ್ತದೆ. ಕೊನೆಗೆ ಪರೀಕ್ಷೆ ಮಾಡುವಾಗ ಕವಚ ಹಾಕಿಯೇ ಮಾಡಿ, ಬಿಚ್ಚಿಟ್ಟು ಅಳೆದ ಉಷ್ಣಾಂಶ ಲೆಕ್ಕಕ್ಕಿಲ್ಲ. ಕೋಣೆಯ ಬಿಸಿಯನ್ನೂ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಡಿಸೆಂಬರಿನಲ್ಲಿ ಪಾಸಾದ ಯಂತ್ರ ಕಲಬುರಗಿಯ 40 ಡಿಗ್ರಿ ಮೇ ತಿಂಗಳಲ್ಲಿ ಕೈಕೊಡಬಹುದು.