ಗೋರಿಯಿಲ್ಲದ ನಾವಿಕನ ತಿಥಿ

ಕೇಳುಗರಿಗೆ ನಮಸ್ಕಾರ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾಪಡೆ ಸೇರಿ, ಹಡಗಿನೊಂದಿಗೇ ಮುಳುಗಿಹೋದ ಯೆಹೂದಿ ಹುಡುಗರಿಗೆ ಗೋರಿಯಿಲ್ಲ. ಮನೆಯವರಿಗೆ ಉಳಿದದ್ದು ಒಂದು ಹೆಸರು, ಒಂದು ದಿನ. ಆ ದಿನ ತಪ್ಪಬಾರದು. ನಾನು ಹೇಳಬೇಕಾದದ್ದು ಇದೊಂದೇ.

ನಮ್ಮಲ್ಲಿ ಶ್ರಾದ್ಧಕ್ಕೆ ತಾರೀಖು ನೋಡುವುದಿಲ್ಲ, ತಿಥಿ ನೋಡುತ್ತೇವೆ. ಅವರಲ್ಲೂ ಹಾಗೆಯೇ, ಹೀಬ್ರೂ ಪಂಚಾಂಗದ ದಿನಕ್ಕೇ ವರ್ಷದ ಸ್ಮರಣೆ. ಆದರೆ ಅವರ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ, ಮಧ್ಯರಾತ್ರಿಗಲ್ಲ. ಎಡವುವುದೆಲ್ಲ ಇಲ್ಲೇ.

ಎಚ್‌ಎಂಎಸ್ ಗಲಟಿಯಾ ಎಂಬ ಬ್ರಿಟನ್ನಿನ ಕ್ರೂಸರ್ ಯುದ್ಧನೌಕೆಯನ್ನೇ ತೆಗೆದುಕೊಳ್ಳಿ. 1941ರ ಡಿಸೆಂಬರ್ 14. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ, ಇನ್ನೇನು ನಡುರಾತ್ರಿ ಆಗಬೇಕು, ಜರ್ಮನಿಯ ಯು-557 ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಸುಮಾರು 470 ಮಂದಿ ಸತ್ತರು. ಗ್ರಿಫಿನ್, ಹಾಟ್‌ಸ್ಪರ್ ಎಂಬ ಡಿಸ್ಟ್ರಾಯರುಗಳು ಹತ್ತಿರ ಹತ್ತಿರ ನೂರು ಜನರನ್ನು ನೀರಿನಿಂದ ಎತ್ತಿದವು. ಆ ಯು-557 ಕೂಡ ಎರಡು ದಿನ ಬಾಳಲಿಲ್ಲ. ಶತ್ರುವಿನದೆಂದು ಭ್ರಮಿಸಿ, ಜರ್ಮನಿಯ ಮಿತ್ರದೇಶವಾದ ಇಟಲಿಯ ಹಡಗೇ ಗುದ್ದಿ ಮುಳುಗಿಸಿತು.

ಗಲಟಿಯಾದಲ್ಲಿ ಇಪ್ಪತ್ತರ ಯೆಹೂದಿ ಹುಡುಗನೊಬ್ಬ ಇದ್ದನೆಂದುಕೊಳ್ಳಿ. ಅವನು ಸತ್ತದ್ದು 14ರಂದೋ 15ರಂದೋ? ಹೀಬ್ರೂ ಲೆಕ್ಕಕ್ಕೆ ಈ ಗೊಂದಲವೇ ಇಲ್ಲ. 14ರ ಸಂಜೆಗೇ ಕಿಸ್ಲೇವ್ ತಿಂಗಳ 25 ಶುರುವಾಗಿತ್ತು. ಅಂದು ಹನುಕ್ಕಾ ಎಂಬ ಅವರ ದೀಪದ ಹಬ್ಬದ ಮೊದಲ ರಾತ್ರಿ! ಗಂಟೆ ನೋಡದೆ, ತಾರೀಖಿಗೆ ಹೀಬ್ರೂ ದಿನ ತೋರಿಸುವ ಕೋಷ್ಟಕದಲ್ಲಿ ಬರೀ ಡಿಸೆಂಬರ್ 14 ಹುಡುಕಿದರೆ ಕಿಸ್ಲೇವ್ 24 ಸಿಗುತ್ತದೆ. ಅದು ತಪ್ಪು ದಿನ. ಆದ್ದರಿಂದ ಮೊದಲು ಹಡಗು ಮುಳುಗಿದ ಗಂಟೆ, ಆಮೇಲೆ ಆ ಜಾಗದ ಸೂರ್ಯಾಸ್ತ, ಕೊನೆಗೆ ಕೋಷ್ಟಕ. ದಯವಿಟ್ಟು ಈ ಕ್ರಮ ಬಿಡಬೇಡಿ.

ಪ್ರತಿ ವರ್ಷ ಆ ಸಂಜೆ ಇಪ್ಪತ್ನಾಲ್ಕು ಗಂಟೆ ಉರಿಯುವ ಬತ್ತಿ ಹಚ್ಚಬೇಕು. ಹನುಕ್ಕಾ ದೀಪದಿಂದ ಅದನ್ನು ಹೊತ್ತಿಸುವಂತಿಲ್ಲ. ಹಬ್ಬದ ಬೆಳಕನ್ನು ಬೇರೆ ಕೆಲಸಕ್ಕೆ ಬಳಸಬಾರದು. ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಗೆ ಹತ್ತು ಜನ ಬೇಕು. ಸೇರದಿದ್ದರೆ ಅವರ ಧರ್ಮಗ್ರಂಥದ ಕೀರ್ತನೆ ಓದಿ, ದಾನ ಕೊಟ್ಟರಾಯಿತು.

ಸಮಯ ಕಡಿಮೆಯಿದೆ, ಹೆಸರಿನ ವಿಚಾರ ಬೇಗ ಹೇಳಿಬಿಡುತ್ತೇನೆ. ಕಲ್ಲಿನ ಮೇಲೆ ಹೆಸರಿರುವುದು ಹುಡುಗನ ಊರಿನಲ್ಲಲ್ಲ, ಅವನು ಸೇರಿದ್ದ ನೌಕಾನೆಲೆಯ ಸ್ಮಾರಕದಲ್ಲಿ. ಸಾಮಾನ್ಯ ನಾವಿಕನ ಸೇವಾ ಸಂಖ್ಯೆಯ ಮೊದಲ ಅಕ್ಷರ ನೋಡಿ. ‘ಸಿ’ ಎಂದರೆ ಚ್ಯಾಥಮ್, ‘ಪಿ’ ಎಂದರೆ ಪೋರ್ಟ್ಸ್‌ಮತ್. ‘ಡಿ’ ಎಂದರೆ ಡೆವನ್‌ಪೋರ್ಟ್, ಅವರ ಹೆಸರು ಪ್ಲಿಮತ್ ಸ್ಮಾರಕದಲ್ಲಿ. ಹೆಸರು ಬದಲಿಸಿಕೊಂಡು ಸೇರಿದವರೂ ಇದ್ದರು. ಹೆಸರಿನಿಂದ ಸಿಗದಿದ್ದರೆ ಸಂಖ್ಯೆಯಿಂದ ಹುಡುಕಿ. ನಮಸ್ಕಾರ.