ಹಗೆಯ ಬಾಯಲ್ಲಿ ಇಬ್ಬರು

ಎಲ್ಲರಿಗೂ ನಮಸ್ಕಾರ.

ಲೋಕ ಮುಳುಗಿದ ಮೇಲೆ, ಮಾತು ಬಿಟ್ಟ ಗಂಡ ಹೆಂಡತಿ ಮತ್ತೆ ಎದುರಾಗುವ ಕತೆಗಳನ್ನು ನಿಮ್ಮಲ್ಲಿ ನಾಲ್ಕೈದು ಜನ ಬರೆದಿದ್ದೀರಿ. ಓದಿದೆ. ಎಲ್ಲದರಲ್ಲೂ ಬಂದೂಕು, ಮುಖವಾಡ, ಸುಟ್ಟ ಊರು. ಆ ಊರು ಮಾತ್ರ ಎಲ್ಲಿಯದೋ! ಯಾಕೆ, ಧಾರವಾಡದ ಕಡೆ ಲೋಕ ಮುಳುಗಿಲ್ವಾ?

1790ರ ಸೆಪ್ಟೆಂಬರ್‌ನಲ್ಲಿ ಮರಾಠರ ದಂಡು ಈಸ್ಟ್ ಇಂಡಿಯಾ ಕಂಪನಿಯ ತುಕಡಿಯ ಜೊತೆ ಬಂದು ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದವರು ಟಿಪ್ಪುವಿನ ಕಡೆಯವರು. ಅವರು ಕೋಟೆ ಬಿಟ್ಟುಕೊಟ್ಟದ್ದು ಮರುವರ್ಷ ಏಪ್ರಿಲ್‌ನಲ್ಲಿ. ಅದರ ಬೆನ್ನಿಗೇ ಡೋಗಿ ಬರ, 1791–92. ಡೋಗಿ ಅಂದರೆ ತಲೆಬುರುಡೆ. ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲೇ ಬಿದ್ದಿದ್ದವಂತೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ನೂರಾರು ಬುರುಡೆ ಸಿಕ್ಕವಲ್ಲ, ಆಗಲೂ ಬರದವೋ ಯುದ್ಧದವೋ ಎಂದು ವಾದ ಎದ್ದಿತು.

ಇನ್ನು ನಿಮ್ಮ ಕತೆಯ ಗಂಡ ಹೆಂಡತಿ. ಮಾತು ಬಿಟ್ಟವರು. ಅವಳು ಮೂರು ವರ್ಷದಿಂದ ತವರಲ್ಲಿ. ಲೋಕ ಮುಳುಗಿದ ಕೂಡಲೇ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ ಎಂದು ಒಬ್ಬರು ಬರೆದಿದ್ದಾರೆ. ನಾನಂತೂ ನಂಬಲಿಲ್ಲ. ಹಸಿವಾದರೆ ಸಿಟ್ಟು ಜಾಸ್ತಿ ಆಗುತ್ತದೆ, ಕಡಿಮೆ ಆಗುವುದಿಲ್ಲ.

ಅವರನ್ನು ಒಂದು ಹಗೆಯ ಮುಂದೆ ನಿಲ್ಲಿಸಿ ನೋಡೋಣ. ಹಗೆ, ಹಗೇವು, ನೀವು ಏನಂತೀರೋ ಅದು. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮುಚ್ಚುವುದು. ಕಳ್ಳ ಅದರ ಮೇಲೇ ನಿಂತರೂ ಗೊತ್ತಾಗಲ್ಲ. ದ್ವೇಷಕ್ಕೂ ನಮ್ಮಲ್ಲಿ ಇದೇ ಹೆಸರು. ಕಾಕತಾಳೀಯ ಇರಬಹುದು, ಆದರೆ ಕತೆಗಾರ ಇಂಥದ್ದನ್ನು ಬಿಡಬಾರದು.

ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೆಯಲ್ಲಿ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಅಲ್ಲೇ ಬೀಳುತ್ತಾನೆ. ಅದಕ್ಕೇ ಸ್ವಲ್ಪ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುವುದು. ದೀಪ ಆರಿದರೆ ಇಳಿಯುವಂತಿಲ್ಲ. ಆರದಿದ್ದರೂ ಸೊಂಟಕ್ಕೆ ಹಗ್ಗ ಬೇಕು, ಹಗ್ಗ ಹಿಡಿಯಲು ಮೇಲೊಬ್ಬರು ಬೇಕು.

ನಮ್ಮ ಕತೆಯಲ್ಲಿ ಹಗೆ ಎಲ್ಲಿದೆ ಎಂದು ಗಂಡನಿಗೆ ಗೊತ್ತು. ಹಗ್ಗ ಯಾರ ಕೈಗೆ ಕೊಡುವುದು? ಊರ ತುಂಬ ಲೂಟಿಕೋರರು. ಗೆಳೆಯನಾದರೂ ಚೀಲ ಮೇಲೆ ಬಂದ ಮೇಲೆ ಹಗ್ಗ ಬಿಡಬಹುದು. ಯೋಚಿಸಿ ಯೋಚಿಸಿ ಅವನು ಹೆಂಡತಿಯ ತವರಿಗೇ ಹೋಗುತ್ತಾನೆ. ಪ್ರೀತಿ ಉಕ್ಕಿ ಅಲ್ಲ. ಎಂಥ ಜಗಳದ ನಡುವೆಯೂ ಅವಳು ಒಲೆ ಮೇಲಿನ ಹಾಲು ಉಕ್ಕಲು ಬಿಟ್ಟವಳಲ್ಲ, ಅದು ಅವನಿಗೆ ನೆನಪಿದೆ.

"ದೀಪ ಆರಿಲ್ಲ. ಇಳೀತೀನಿ."

"ತಡೀರಿ. ನಿಮಗ ಯಾವಾಗ್ಲೂ ಅವಸರ."

ಮೂರು ವರ್ಷದ ಮೇಲಿನ ಮೊದಲ ಮಾತು ಇಷ್ಟೇ ಇರಲಿ. ಅವಳು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳಲಿ. ಜೋಳ ಮೇಲೆ ಬಂದ ಮೇಲೆ ಅದನ್ನು ಒಂದೇ ಚೀಲಕ್ಕೆ ತುಂಬುತ್ತಾರೋ, ಎರಡಕ್ಕೋ? ನಾಳೆ ಬರೆದು ತನ್ನಿ.